ಎರಡು ಊರಿನ ನಡುವೆ ಒಂದು ಕಾರ್ಖಾನೆ

(ಬಾಗಲಕೋಟೆ ನವನಗರದಲ್ಲಿ ಸಣ್ಣ ಉದ್ದಿಮೆದಾರರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ಹಳೆ ಬಾಗಲಕೋಟೆಯಲ್ಲಿ ಹುಟ್ಟಿ ಈಗ ನವನಗರದಲ್ಲಿ ಮನೆ ಇರುವವರು ಸ್ವಲ್ಪ ಕೈ ಎತ್ತಿ. ನೋಡಿ, ಹತ್ತಿರ ಹತ್ತಿರ ಅರ್ಧ ಸಭೆ. ನಿಮಗೆ ಬದಲಾವಣೆಯ ಪಾಠ ಹೇಳಲು ಬಂದಿರುವುದು ನನ್ನ ಅಧಿಕಪ್ರಸಂಗವೇ ಸರಿ. ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂತ ಒಂದು ಊರನ್ನೇ ಎತ್ತಿ ಬೇರೆ ಕಡೆ ಇಟ್ಟವರು ನೀವು.

ಆಗ ಮೊದಲು ನಡೆದದ್ದು ಏನು, ನೆನಪಿಸಿಕೊಳ್ಳಿ. ಮನೆ ಮನೆಗೆ ಅಳತೆಯವರು ಬಂದರು. ಮನೆ ಯಾರ ಹೆಸರಿನಲ್ಲಿದೆ, ಎಷ್ಟು ಅಂಕಣ, ಎಷ್ಟು ಎತ್ತರದಲ್ಲಿದೆ ಅಂತ ಬರೆದುಕೊಂಡರು. ನೀರು 519.60 ಮೀಟರ್‌ಗೆ ನಿಂತರೆ ಏನಾಗುತ್ತದೆ, 524.256 ಮೀಟರ್‌ಗೆ ಏರಿದರೆ ಏನಾಗುತ್ತದೆ ಎನ್ನುವುದು ಇಲ್ಲಿ ಚಹಾದ ಅಂಗಡಿಯವರಿಗೂ ಬಾಯಿಪಾಠ. ದಶಾಂಶದ ನಂತರ ಮೂರು ಅಂಕಿವರೆಗೆ ಲೆಕ್ಕ ಹೇಳುವ ಜನ ಬೇರೆ ಯಾವ ಊರಿನಲ್ಲಿದ್ದಾರೋ ನಾನು ಕಾಣೆ. ಯಾವ ಓಣಿ ಮೊದಲು ಹೋಗಬೇಕು, ಯಾವುದು ಆಮೇಲೆ ಎಂಬ ಜಗಳ ಆಯಿತು. ಹೊಸ ಮನೆಗೆ ಯಾವ ಟೈಲ್ಸ್ ಹಾಕಿಸೋಣ ಎಂಬ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ.

ವ್ಯವಹಾರ ಬದಲಿಸುವಾಗ ಮಾತ್ರ ನಾವು ಟೈಲ್ಸ್‌ನಿಂದಲೇ ಶುರು ಮಾಡುತ್ತೇವೆ. ‘ಯಾವ ಸಾಫ್ಟ್‌ವೇರ್ ತಗೊಳ್ಳೋಣ?’ ನನಗೆ ಬರುವ ಹತ್ತು ಫೋನ್‌ಗಳಲ್ಲಿ ಒಂಬತ್ತು ಹೀಗೇ ಶುರುವಾಗುತ್ತವೆ. ಇವತ್ತು ನಾನು ಹೇಳಬೇಕಾಗಿರುವುದು ಆ ಪ್ರಶ್ನೆಗಿಂತ ಹಿಂದಿನ ಸಂಗತಿ. ಅದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬ ದೊಡ್ಡ ಹೆಸರಿದೆ. ಹೆದರಬೇಡಿ. ನಿಮ್ಮ ಸಂಸ್ಥೆಯಲ್ಲಿ ಏನೇನು ಕೆಲಸ ನಡೆಯುತ್ತದೆ, ಅದಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿ ಯಾವ ಸಾಫ್ಟ್‌ವೇರ್‌ನಲ್ಲಿ ಅಥವಾ ಯಾವ ಖಾತೆ ಪುಸ್ತಕದಲ್ಲಿ ಇದೆ, ಅದು ಯಾವ ಯಂತ್ರದ ಮೇಲೆ ನಿಂತಿದೆ, ಇವೆಲ್ಲ ಒಂದಕ್ಕೊಂದು ಹೇಗೆ ತಗಲಿಕೊಂಡಿವೆ. ಇಷ್ಟನ್ನು ನಕ್ಷೆ ಮಾಡುವುದು. ಇವತ್ತಿನದೊಂದು ನಕ್ಷೆ, ನಾಳೆ ಬೇಕಾದದ್ದೊಂದು ನಕ್ಷೆ, ನಡುವಿನ ದಾರಿಯದೊಂದು. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ನಾನು ಮತ್ತೆ ಅಲ್ಲಿಗೇ ಬರುತ್ತೇನೆ.

ಇದು ಎಲ್ಲಿಂದ ಬಂತು? 1987ರಲ್ಲಿ ಐಬಿಎಂನಲ್ಲಿದ್ದ ಜಾನ್ ಝಾಕ್‌ಮನ್ ಎಂಬುವರು ಒಂದು ಲೇಖನ ಬರೆದರು. ಕಟ್ಟಡ ಕಟ್ಟುವವರು, ವಿಮಾನ ಮಾಡುವವರು ನಕ್ಷೆಗಳನ್ನು ಹೇಗೆ ಬಳಸುತ್ತಾರೆ ಅಂತ ಅವರು ಗಮನಿಸಿದ್ದರು. ನಿಮ್ಮ ಮನೆಯದೇ ತಗೊಳ್ಳಿ. ಯಜಮಾನರಿಗೆ ತೋರಿಸುವ ನಕ್ಷೆಯಲ್ಲಿ ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಅಂತ ಇರುತ್ತದೆ. ಗೌಂಡಿಗೆ ಕೊಡುವುದರಲ್ಲಿ ಬುನಾದಿ ಎಷ್ಟು ಆಳ, ಕಂಬಕ್ಕೆ ಎಷ್ಟು ಕಬ್ಬಿಣ ಅಂತ ಇರುತ್ತದೆ. ವೈರಿಂಗ್‌ನವನ ಹಾಳೆ ಬೇರೆಯೇ. ಮನೆ ಮಾತ್ರ ಒಂದೇ. ಗೌಂಡಿಯ ಹಾಳೆಯನ್ನು ಯಜಮಾನರ ಕೈಗೆ ಕೊಟ್ಟರೆ ಅವರಿಗೆ ತಿಳಿಯುವುದಿಲ್ಲ, ಯಜಮಾನರ ಹಾಳೆ ಹಿಡಿದುಕೊಂಡು ಗೌಂಡಿ ಗೋಡೆ ಎಬ್ಬಿಸಲಾರ.

ಝಾಕ್‌ಮನ್ ಇದನ್ನೇ ಒಂದು ಕೋಷ್ಟಕ ಮಾಡಿದರು. ಅಡ್ಡಸಾಲಿನಲ್ಲಿ ನೋಡುವವರು: ಯಜಮಾನ, ನಕ್ಷೆಗಾರ, ಕಟ್ಟುವವನು ಹೀಗೆ. ಉದ್ದಸಾಲಿನಲ್ಲಿ ಪ್ರಶ್ನೆಗಳು: ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ. ಆ ಕೋಷ್ಟಕ ನಿಮಗೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳುವುದಿಲ್ಲ. ಕೋಷ್ಟಕದ ಯಾವ ಚೌಕ ಖಾಲಿ ಬಿಟ್ಟಿದ್ದೀರಿ ಅಂತ ತೋರಿಸುತ್ತದೆ, ಅಷ್ಟೇ. ಒಂದು ಸ್ವಾರಸ್ಯ ಹೇಳುತ್ತೇನೆ. ಮೊದಲ ಲೇಖನದಲ್ಲಿ ಅವರು ವಿವರವಾಗಿ ಬಿಡಿಸಿದ್ದು ಮೂರೇ ಪ್ರಶ್ನೆ: ಏನು, ಹೇಗೆ, ಎಲ್ಲಿ. ಯಾರು, ಯಾವಾಗ, ಏಕೆ ಎಂಬ ಉಳಿದ ಮೂರು ಪೂರ್ತಿಯಾಗಿ ಬಂದದ್ದು 1992ರಲ್ಲಿ, ಜಾನ್ ಸೋವಾ ಜೊತೆ ಬರೆದ ಇನ್ನೊಂದು ಲೇಖನದಲ್ಲಿ. ಮನುಷ್ಯರಿಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಐದು ವರ್ಷ ತಡವಾಯಿತು. ನಮ್ಮ ಕಚೇರಿಗಳಲ್ಲಿ ಅವು ಇನ್ನೂ ಬಂದೇ ಇಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಈಗ ನನ್ನದೇ ಒಂದು ಎಡವಟ್ಟಿನ ಕತೆ.

ನಮ್ಮ ಕಬ್ಬಿನ ಸೀಮೆಯಲ್ಲಿ ಒಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ, ತಪ್ಪು ಹೆಚ್ಚಾಗಿ ನನ್ನದು. ನಾನು ಬೆಂಗಳೂರಿನಲ್ಲಿ ಬ್ಯಾಂಕು, ವಿಮೆ ಅಂತ ಓಡಾಡಿ, ದೊಡ್ಡ ಸಲಹೆಗಾರ ಅಂತ ಅಲ್ಲಿಗೆ ಹೋಗಿದ್ದೆ. ಕಾರ್ಖಾನೆಯ ಮೂರು ವಿಭಾಗಗಳಲ್ಲಿ ಮೂರು ಬೇರೆ ಬೇರೆ ಹಳೆ ಸಾಫ್ಟ್‌ವೇರ್ ಇದ್ದವು. ಎಲ್ಲ ತೆಗೆದು ಒಂದೇ ಹಾಕೋಣ ಅಂದರು. ನಾನೂ ಹೂಂ ಅಂದೆ.

ಕಬ್ಬಿನ ದಾರಿ ನಿಮಗೆ ಗೊತ್ತು, ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಫೀಲ್ಡ್‌ಮನ್ ಹೊಲಕ್ಕೆ ಬಂದು ನೋಂದಣಿ ಮಾಡುತ್ತಾನೆ. ಯಾವ ತಳಿ, ಯಾವಾಗ ನಾಟಿ, ಎಷ್ಟು ಎಕರೆ. ಸರದಿ ಬಂದಾಗ ಕಟಾವಿನ ಚೀಟಿ ಬರುತ್ತದೆ. ಗ್ಯಾಂಗ್ ಬಂದು ಕಡಿಯುತ್ತದೆ, ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಕಾಟಾಕ್ಕೆ, ಅಂದರೆ ಗಾಡಿ ತೂಗುವ ಜಾಗಕ್ಕೆ, ಬರುತ್ತದೆ. ತುಂಬಿದ ತೂಕ ಒಂದು, ಖಾಲಿ ತೂಕ ಒಂದು. ಕಡಿತದ ಕೂಲಿ, ಸಾಗಣೆ, ಸೊಸೈಟಿ ಸಾಲ ಎಲ್ಲ ಲೆಕ್ಕ ಹಾಕಿ ಬಿಲ್ಲು. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸೇರಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆಗುತ್ತದೋ ಇಲ್ಲವೋ ಆ ಮಾತು ಬೇರೆ, ನಗಬೇಡಿ.

ಈ ದಾರಿಯಲ್ಲಿ ಒಬ್ಬ ರೈತನಿಗೆ ಮೂರು ಗುರುತು ಇದ್ದವು. ಕೃಷಿ ವಿಭಾಗದಲ್ಲಿ ಅವನು ಒಂದು ಪ್ಲಾಟ್ ನಂಬರು. ಕಾಟಾದಲ್ಲಿ ಊರು ಮತ್ತು ಹೆಸರು. ಅಕೌಂಟ್ಸ್‌ನಲ್ಲಿ ಬ್ಯಾಂಕ್ ಖಾತೆ. ಒಂದೇ ಊರಿನಲ್ಲಿ ಏಳು ಜನ ಬಸಪ್ಪ ಇದ್ದರೆ ಇದರ ಗತಿ ಏನು, ನೀವೇ ಯೋಚಿಸಿ. ಮೂರು ವಿಭಾಗದವರು ಇದನ್ನು ಹೇಗೋ ಸಂಭಾಳಿಸಿಕೊಂಡು ಹೋಗುತ್ತಿದ್ದರು. ಹೇಗೆ ಸಂಭಾಳಿಸುತ್ತಾರೆ ಅಂತ ನಾನು ಕೇಳಲಿಲ್ಲ. ಮುಂದೆ ಎಲ್ಲ ಹೇಗಿರಬೇಕು ಅಂತ ಬಣ್ಣಬಣ್ಣದ ಡಬ್ಬಿ ಬಿಡಿಸಿ, ಬಾಣ ಎಳೆದು ದಪ್ಪ ಪುಸ್ತಕವನ್ನೇ ಮಾಡಿದೆ. ಆಡಳಿತ ಮಂಡಳಿಯವರು ಚಪ್ಪಾಳೆ ಹೊಡೆದರು. ಬೈಂಡಿಂಗ್ ನಿಜಕ್ಕೂ ಚೆನ್ನಾಗಿತ್ತು.

ಹಂಗಾಮು ಶುರುವಾದ ವಾರದಲ್ಲೇ ಹೊಸ ಸಾಫ್ಟ್‌ವೇರ್ ಚಾಲೂ ಮಾಡಿದೆವು. ಮೊದಲ ರಾತ್ರಿಯೇ ಕಾಟಾ ನಿಂತಿತು. ಕಾರಣ ಬಹಳ ಸಣ್ಣದು. ಅಣ್ಣ ತಮ್ಮಂದಿರು ಪಕ್ಕಪಕ್ಕದ ಹೊಲದ ಕಬ್ಬನ್ನು ಒಂದೇ ಟ್ರ್ಯಾಕ್ಟರ್‌ನಲ್ಲಿ ಕಳಿಸುತ್ತಾರೆ. ಮುಂದಿನ ಟ್ರೇಲರ್ ಅಣ್ಣನದು, ಹಿಂದಿನದು ತಮ್ಮನದು. ನಮ್ಮ ಸಾಫ್ಟ್‌ವೇರ್‌ಗೆ ಒಂದು ಗಾಡಿ ಅಂದರೆ ಒಬ್ಬ ರೈತ. ಹಳೆ ವ್ಯವಸ್ಥೆಯಲ್ಲೂ ಹಾಗೇ ಇತ್ತು. ಆದರೆ ಕಾಟಾದ ಗುಮಾಸ್ತರ ಮೇಜಿನ ಡ್ರಾದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಅದರಲ್ಲಿ ಅವರು ಗಾಡಿಯನ್ನು ಒಡೆದು ಬರೆದುಕೊಂಡು, ಬೆಳಿಗ್ಗೆ ಅಕೌಂಟ್ಸ್‌ನವರಿಗೆ ಬಾಯಲ್ಲಿ ಹೇಳುತ್ತಿದ್ದರು. ‘ಇನ್ನು ಮೇಲೆ ಕೈಬರಹ ಇಲ್ಲ’ ಅಂತ ಆ ನೋಟ್‌ಬುಕ್ಕನ್ನು ನಾವೇ ನಿಲ್ಲಿಸಿದ್ದೆವು.

ಬೆಳಗಿನ ಹೊತ್ತಿಗೆ ಟ್ರ್ಯಾಕ್ಟರ್ ಸಾಲು ಹೆದ್ದಾರಿಯವರೆಗೆ ಬಂತು. ಕಡಿದ ಕಬ್ಬು ಕಾಯುವುದಿಲ್ಲ. ತಾಸು ತಾಸಿಗೂ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಕೆಡುತ್ತದೆ. ರೈತನಿಗೂ ಹಾನಿ, ಕಾರ್ಖಾನೆಗೂ ಹಾನಿ. ಹಿರಿಯರೊಬ್ಬರು ನನ್ನ ಹತ್ತಿರ ಬಂದು ಕೇಳಿದರು, ‘ಸಾಹೇಬ್ರ, ನಿಮ್ಮ ಕಂಪ್ಯೂಟರ್ ಶಾಣ್ಯಾ ಆಗೂತನಕ ನನ್ನ ಕಬ್ಬು ಒಣಗಬೇಕೇನ್ರಿ?’ ಅವರು ಸಿಟ್ಟಿನಿಂದಲೂ ಕೇಳಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಮೂರನೆಯ ದಿನ ಹಳೆಯದಕ್ಕೇ ವಾಪಸ್ ಹೋದೆವು.

ಆ ಹೊತ್ತಿಗಾಗಲೇ ನನ್ನ ಹತ್ತಿರ ಟೋಗಾಫ್ ಸರ್ಟಿಫಿಕೇಟ್ ಇತ್ತು. ಅದು ಕೆಲಸಕ್ಕೆ ಬರಲಿಲ್ಲವೇ ಅಂದರೆ, ಅದರಲ್ಲಿ ಹೇಳಿದ್ದನ್ನು ನಾನು ಅರ್ಧ ಮಾತ್ರ ಮಾಡಿದ್ದೆ.

ಟೋಗಾಫ್ ಏನು ಅಂತ ಚುಟುಕಾಗಿ ಹೇಳುತ್ತೇನೆ. ಆರ್ಕಿಟೆಕ್ಚರ್ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಹೇಳುವ ಚೌಕಟ್ಟು ಅದು. ದಿ ಓಪನ್ ಗ್ರೂಪ್ ಎಂಬ ಸಂಸ್ಥೆಯದು. ಮೊದಲ ಆವೃತ್ತಿ ಬಂದದ್ದು 1995ರಲ್ಲಿ. ಅಮೆರಿಕದ ರಕ್ಷಣಾ ಇಲಾಖೆಯ ಬಳಿ ಇದ್ದ ಒಂದು ಚೌಕಟ್ಟೇ ಅದಕ್ಕೆ ಬುನಾದಿ. 2022ರಲ್ಲಿ ಹತ್ತನೆಯ ಆವೃತ್ತಿ ಬಂದಿದೆ. ಅದರ ಜೀವಾಳ ಒಂದು ಚಕ್ರ. ಮೊದಲು ಒಂದಿಷ್ಟು ಪೂರ್ವತಯಾರಿ, ಆಮೇಲೆ ಎ ಇಂದ ಎಚ್‌ವರೆಗೆ ಎಂಟು ಹಂತ, ನಡುವೆ ಗುಂಬದಲ್ಲಿ ಕೂತ ಹಾಗೆ ‘ನಮಗೆ ಬೇಕಾದದ್ದೇನು’ ಎಂಬ ಪಟ್ಟಿ. ಎ ಅಂದರೆ ಎಲ್ಲಿಗೆ ಹೋಗಬೇಕು ಎಂಬ ಒಪ್ಪಂದ. ಬಿ ಅಂದರೆ ವ್ಯವಹಾರ, ಸಿ ಅಂದರೆ ಮಾಹಿತಿ ಮತ್ತು ಸಾಫ್ಟ್‌ವೇರ್, ಡಿ ಅಂದರೆ ಯಂತ್ರ, ನೆಟ್‌ವರ್ಕ್. ಈ ಕ್ರಮವನ್ನು ಗಮನಿಸಿ. ಸಾಫ್ಟ್‌ವೇರ್‌ಗೆ ಮೂರನೆಯ ಜಾಗ. ಇ ಮತ್ತು ಎಫ್‌ನಲ್ಲಿ ಸಾಗುವ ಯೋಜನೆ: ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಲ್ಲೆಲ್ಲಿ ನಿಂತು ಉಸಿರಾಡಬೇಕು. ಆ ನಿಲ್ದಾಣಗಳಿಗೆ ಅವರು ಟ್ರಾನ್ಸಿಷನ್ ಆರ್ಕಿಟೆಕ್ಚರ್ ಅನ್ನುತ್ತಾರೆ. ನಾನು ‘ನಡುವಿನ ನಕ್ಷೆ’ ಅನ್ನುತ್ತೇನೆ. ಜಿ, ಎಚ್ ಅಂದರೆ ಕಟ್ಟುವಾಗ ಕಾವಲು, ಕಟ್ಟಿದ ಮೇಲೆ ಬದಲಾವಣೆಯ ಮೇಲೆ ಕಣ್ಣು.

ನಮ್ಮ ಬಹುತೇಕ ಸಲಹೆಗಾರರು ಡಿ ಮುಗಿಯುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಅಥವಾ ದುಡ್ಡು ಮುಗಿದಿರುತ್ತದೆ. ಇ, ಎಫ್ ಎರಡು ಸ್ಲೈಡ್‌ನಲ್ಲಿ ಹಾರಿಹೋಗುತ್ತವೆ. ನಾನು ಮಾಡಿದ್ದೂ ಅದನ್ನೇ. ಇವತ್ತಿನ ನಕ್ಷೆ ಅರೆಬರೆ, ನಾಳೆಯದು ಭರ್ಜರಿ, ನಡುವಿನದು ಇಲ್ಲವೇ ಇಲ್ಲ.

ಈಗ ನಿಮ್ಮ ಊರಿಗೆ ವಾಪಸ್ ಬರೋಣ. ಹಳೆ ಊರು ಬಿಟ್ಟು ಒಂದೇ ದಿನ ನವನಗರಕ್ಕೆ ಬಂದಿರಾ? ಇಲ್ಲ. ಸರ್ಕಾರಿ ಕಚೇರಿ ಇಲ್ಲಿಗೆ ಬಂದವು, ಬಜಾರು ಅಲ್ಲೇ ಉಳಿಯಿತು. ಮನೆ ಇಲ್ಲಿ, ಅಂಗಡಿ ಅಲ್ಲಿ. ನಡುವೆ ವಿದ್ಯಾಗಿರಿ. ದಿನಕ್ಕೆ ಎರಡು ಸಲ ಹೋಗಿ ಬಂದವರು ಎಷ್ಟು ಜನ! ಇವತ್ತಿಗೂ ಚಿನ್ನ, ಬಟ್ಟೆ ಬೇಕು ಅಂದರೆ ಹಳೆ ಊರಿಗೇ ಹೋಗುತ್ತೀರಿ. ಇನ್ನು ಹೋಳಿ ಹುಣ್ಣಿಮೆ. ನವನಗರದ ನಕ್ಷೆಯಲ್ಲಿ ಸೆಕ್ಟರ್ ನಂಬರು ಇವೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಇಲ್ಲ. ನಮ್ಮ ಹೋಳಿ ನಡೆಯುವುದು ಪೇಟೆಗಳ ಲೆಕ್ಕದಲ್ಲಿ. ಯಾರು, ಯಾವಾಗ ಎಂಬ ಎರಡು ಪ್ರಶ್ನೆಗೆ ಹಲಗಿ ಬಾರಿಸಿ ಉತ್ತರ ಹೇಳುವ ಹಬ್ಬ ಅದು. ಬಣ್ಣದ ಬಂಡಿ ನೋಡಬೇಕೆಂದರೆ ಸೆಕ್ಟರ್ ಬಿಟ್ಟು ಪೇಟೆಗೇ ಹೋಗಬೇಕು. ನಗರ ಯೋಜನೆ ಮಾಡಿದವರ ತಪ್ಪು ಅಂತ ನಾನು ಹೇಳುತ್ತಿಲ್ಲ. ನಕ್ಷೆಯಲ್ಲಿ ಕಾಣದ ಇಂಥ ಒಂದು ಊರು ಪ್ರತಿ ಕಾರ್ಖಾನೆಯಲ್ಲೂ ಇರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಅದು ಮೇಜಿನ ಡ್ರಾದಲ್ಲಿತ್ತು.

ಮುಂದಿನ ಕತೆ ಹೇಳುತ್ತೇನೆ. ಅವರು ನನ್ನನ್ನು ಓಡಿಸಲಿಲ್ಲ, ಅದು ಅವರ ದೊಡ್ಡತನ. ಮಳೆಗಾಲದಲ್ಲಿ ಕಾರ್ಖಾನೆ ನಿಂತಿದ್ದಾಗ ಮತ್ತೆ ಕೂತೆವು. ಈ ಸಲ ಕಾಟಾದ ಗುಮಾಸ್ತರು, ಇಬ್ಬರು ಫೀಲ್ಡ್‌ಮನ್‌ಗಳು, ಅಕೌಂಟ್ಸ್‌ನ ಒಬ್ಬ ಅಕ್ಕಾವರು, ನಾನು. ದೊಡ್ಡವರು ಯಾರೂ ಇರಲಿಲ್ಲ. ಗೋಡೆಗೆ ಕಂದು ಕಾಗದ ಅಂಟಿಸಿ ಒಂದು ಟ್ರ್ಯಾಕ್ಟರ್ ಕಬ್ಬಿನ ಹಿಂದೆ ಹೊಲದಿಂದ ಬ್ಯಾಂಕಿನವರೆಗೆ ಬೆರಳಿಟ್ಟು ನಡೆದೆವು. ಪ್ರತಿ ಹೆಜ್ಜೆಗೂ ಅದೇ ಆರು ಪ್ರಶ್ನೆ. ‘ಯಾವಾಗ’ ಎಂಬಲ್ಲಿ ಗೊತ್ತಾಯಿತು, ರಾತ್ರಿ ಪಾಳಿ ಮತ್ತು ಹಗಲು ಪಾಳಿಯವರು ಖಾಲಿ ತೂಕವನ್ನು ಬೇರೆ ಬೇರೆ ರೀತಿ ಬರೆಯುತ್ತಿದ್ದಾರೆ ಅಂತ. ಆ ಅಕ್ಕಾವರಿಗೂ ಅದು ಹೊಸ ಸುದ್ದಿ. ಹೊಂದದ ಬಿಲ್ಲುಗಳ ಮೂಲ ಹುಡುಕಿ ಹುಡುಕಿ ಅವರು ಎಷ್ಟೋ ಹಂಗಾಮು ಕಳೆದಿದ್ದರು.

ಆಮೇಲೆ ಮೂರು ಹಂಗಾಮಿಗೆ ಮೂರು ನಡುವಿನ ನಕ್ಷೆ ಮಾಡಿದೆವು. ಮೊದಲ ವರ್ಷ ಹೊಸ ಸಾಫ್ಟ್‌ವೇರ್ ಮುಟ್ಟಲೇ ಇಲ್ಲ. ಒಬ್ಬ ರೈತನಿಗೆ ಒಂದೇ ನಂಬರು, ಅಷ್ಟೇ ಕೆಲಸ. ಅದೇ ನಂಬರನ್ನು ಮೂರೂ ಹಳೆ ಸಾಫ್ಟ್‌ವೇರ್‌ಗಳಲ್ಲಿ ತುಂಬಿದೆವು. ಕೇಳಲು ಸಣ್ಣದು, ಊರೂರಿಗೆ ಹೋಗಿ ಪಾಸ್‌ಬುಕ್ ನೋಡಿ ಮಾಡಬೇಕಾಯಿತು. ಎರಡನೆಯ ವರ್ಷ ಕಾಟಾ ಮಾತ್ರ ಹೊಸದು. ಅಕೌಂಟ್ಸ್ ಹಳೆಯದೇ. ಪ್ರತಿ ರಾತ್ರಿ ಎರಡರ ನಡುವೆ ಒಂದು ಹಾಳೆ ಓಡಾಡುತ್ತಿತ್ತು. ಈ ತೂಕ ಅಲ್ಲಿ ಬಂತಾ, ಬಂತು. ಮೂರನೆಯ ವರ್ಷ ಅಕೌಂಟ್ಸ್.

ನಮ್ಮ ಷರತ್ತು ಒಂದೇ ಇತ್ತು. ಯಾವ ವರ್ಷ ದುಡ್ಡು ನಿಂತುಹೋದರೂ, ನಾನೇ ಓಡಿಹೋದರೂ, ಆ ಹಂತದಲ್ಲೇ ಕಾರ್ಖಾನೆ ಕಬ್ಬು ನುರಿಸಿ ಬಿಲ್ಲು ಕೊಡುವಂತಿರಬೇಕು. ಬಿಜಾಪುರದ ಬಾರಾ ಕಮಾನ್ ನೋಡಿದ್ದೀರಲ್ಲ, ಎರಡನೆಯ ಅಲಿ ಆದಿಲ್ ಶಾಹನ ಸಮಾಧಿ. ಗೋಳಗುಮ್ಮಟಕ್ಕಿಂತ ದೊಡ್ಡದು ಮಾಡಲು ಹೊರಟು ಕಮಾನುಗಳಲ್ಲೇ ನಿಂತಿತು. ಫೋಟೋಕ್ಕೆ ಚೆಂದ. ಕಾರ್ಖಾನೆಗೆ ಅದು ನಡೆಯುವುದಿಲ್ಲ.

ಹಳೆಯದಕ್ಕೂ ಹೊಸದಕ್ಕೂ ನಡುವೆ ಓಡಾಡುತ್ತಿದ್ದ ಆ ಹಾಳೆಯ ಬಗ್ಗೆ ಇಳಕಲ್‌ನವರಿಗೆ ಒಂದು ಮಾತು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ಕುಣಿಕೆ ಹಾಕಿ ಎಳೆ ಎಳೆಯಾಗಿ ಸೇರಿಸುತ್ತಾರೆ. ಉಟ್ಟವರಿಗೆ ಆ ಜೋಡಣೆ ಕಾಣುವುದೇ ಇಲ್ಲ, ಆದರೆ ಅದನ್ನು ಮಾಡಲು ಕೂರುವವರಿಗೆ ಎಷ್ಟು ತಾಳ್ಮೆ ಬೇಕು ನೋಡಿ. ಎರಡು ಸಾಫ್ಟ್‌ವೇರ್ ಜೋಡಿಸುವ ಕೆಲಸಕ್ಕೆ ಬಜೆಟ್‌ನಲ್ಲಿ ಯಾರೂ ಜಾಗವೇ ಇಡುವುದಿಲ್ಲ. ಖರ್ಚೆಲ್ಲ ಆಗುವುದು ಅಲ್ಲೇ.

ಇನ್ನೊಂದು ಹೆಸರು ಹೇಳಿ ಮುಂದೆ ಹೋಗುತ್ತೇನೆ. 1968ರಲ್ಲಿ ಮೆಲ್ವಿನ್ ಕಾನ್ವೇ ಎಂಬುವರು ಒಂದು ಮಾತು ಬರೆದರು. ಸಂಸ್ಥೆಯ ಜನ ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡುತ್ತಾರೋ, ಅವರು ಕಟ್ಟುವ ವ್ಯವಸ್ಥೆಯೂ ಅದೇ ಆಕಾರಕ್ಕೆ ಬರುತ್ತದೆ ಅಂತ. ನಮ್ಮ ಮೂರು ವಿಭಾಗಕ್ಕೆ ಮೂರು ಸಾಫ್ಟ್‌ವೇರ್ ಯಾಕಿದ್ದವು ಅಂದರೆ, ಮೂವರು ಮುಖ್ಯಸ್ಥರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸಾಫ್ಟ್‌ವೇರ್ ಒಂದೇ ಮಾಡಿದರೆ ಅವರು ಮಾತಾಡುತ್ತಾರೆ ಅಂತ ನಾನು ತಿಳಿದಿದ್ದೆ.

ಇಲ್ಲಿ ಕೂತಿರುವ ಸಣ್ಣ ಉದ್ದಿಮೆಯವರು ಕೇಳಬಹುದು, ನಮಗೇಕೆ ಇಷ್ಟೆಲ್ಲ? ನೀವು ಟೋಗಾಫ್ ಪೂರ್ತಿ ಓದಬೇಕಾಗಿಲ್ಲ. ನಿಮ್ಮ ಅಳತೆಗೆ ಕತ್ತರಿಸಿಕೊಳ್ಳಿ ಅಂತ ಅದರಲ್ಲೇ ಹೇಳಿದ್ದಾರೆ. ಆದರೆ 2017ರ ಜುಲೈ 1 ನೆನಪಿದೆಯಾ? ಜಿಎಸ್‌ಟಿ ಬಂದ ದಿನ. ಪೇಟೆಯ ವ್ಯಾಪಾರಿಯಿಂದ ಹಿಡಿದು ಸಿಮೆಂಟ್ ಕಂಪನಿವರೆಗೆ ಎಲ್ಲರೂ ಒಂದೇ ದಿನ ಬದಲಾಗಬೇಕಾಯಿತು. ಯಾರು ಒದ್ದಾಡಿದರು? ಒಂದೇ ಸರಕಿಗೆ ಸ್ಟಾಕ್ ಬುಕ್ಕಿನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡಿದ್ದವರು. ಯಾವುದಕ್ಕೆ ಸರಕು ಗುರುತಿಸುವ ಯಾವ ಎಚ್‌ಎಸ್‌ಎನ್ ಕೋಡ್ ಅಂತ ಅವರಿಗೇ ತಿಳಿಯಲಿಲ್ಲ. 2023ರ ಆಗಸ್ಟ್‌ನಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್ವಾಯ್ಸ್ ಬಂದಾಗಲೂ ಅದೇ ಪರದಾಟ. ಸರಕಿನ ಪಟ್ಟಿ, ಗಿರಾಕಿಗಳ ಪಟ್ಟಿ, ಯಾರು ಯಾವ ಪಟ್ಟಿ ತಿದ್ದಬಹುದು ಎಂಬ ಒಂದು ಹಾಳೆ. ಸಣ್ಣ ಅಂಗಡಿಗೆ ಅಷ್ಟೇ ಆರ್ಕಿಟೆಕ್ಚರ್ ಸಾಕು. ಎಕ್ಸೆಲ್ ಶೀಟ್ ಕಂಡು ನಗುವ ಸಾಫ್ಟ್‌ವೇರ್ ಮಾರಾಟಗಾರ ಬಂದರೆ ಚಹಾ ಕೊಟ್ಟು ಕಳಿಸಿ. ಆ ಶೀಟ್ ಯಾಕೆ ಹುಟ್ಟಿತು ಅಂತ ಕೇಳಿದವನನ್ನು ಊಟಕ್ಕೆ ಕೂರಿಸಿ.

ವಿದ್ಯಾರ್ಥಿಗಳಿಗೆ: ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ಇಂಡ್‌ಇಎ ಎಂಬ ಚೌಕಟ್ಟು ತಂದಿದೆ, ಸರ್ಕಾರದ ಇಲಾಖೆಗಳು ಬೇರೆ ಬೇರೆ ದ್ವೀಪಗಳಾಗದಿರಲಿ ಅಂತ. ಸಿಕ್ಕರೆ ಓದಿ. ಸರ್ಟಿಫಿಕೇಟ್ ಮಾಡಿಕೊಳ್ಳಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಉಪಯೋಗ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ರಜೆಯಲ್ಲಿ ಒಂದು ರಾತ್ರಿ ಯಾವುದಾದರೂ ಕಾಟಾದಲ್ಲಿ ಕೂತು ಬನ್ನಿ, ಅದೂ ಆಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತಮ್ಮ ಕೇಳಿದರು: ‘ನಮ್ಮ ಅಪ್ಪಾಜಿ ಏನನ್ನೂ ಬದಲಿಸಲು ಬಿಡುವುದಿಲ್ಲ, ಏನು ಮಾಡಲಿ?’ ಅಪ್ಪಾಜಿಗೆ ನಾಳೆಯ ನಕ್ಷೆ ತೋರಿಸಬೇಡಿ. ಇವತ್ತಿನದನ್ನು ಅವರ ಕೈಯಲ್ಲೇ ಬಿಡಿಸಿ. ಅಂಗಡಿಯಲ್ಲಿ ಯಾವುದು ಯಾಕೆ ಹೀಗಿದೆ ಅಂತ ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ. ಬಿಡಿಸುವಾಗ ಅವರೇ ಎರಡು ಕಡೆ ‘ಇದು ಸುಮ್ನೆ ಮಾಡ್ತಿದ್ದೀವಲ್ಲ’ ಅನ್ನುತ್ತಾರೆ. ಅಲ್ಲಿಂದ ಶುರು ಮಾಡಿ.

ಆ ಕಾರ್ಖಾನೆಗೆ ಮೂರು ಹಂಗಾಮು ಮುಗಿದ ಮೇಲೆ ಒಮ್ಮೆ ಹೋಗಿದ್ದೆ. ಹೊಸ ಸಾಫ್ಟ್‌ವೇರ್ ಈಗ ಒಂದು ಗಾಡಿಯನ್ನು ಇಬ್ಬರು ರೈತರಿಗೆ ಒಡೆಯುತ್ತದೆ. ಆದರೂ ಗುಮಾಸ್ತರ ಡ್ರಾದಲ್ಲಿ ಹೊಸದೊಂದು ನೋಟ್‌ಬುಕ್ ಇತ್ತು. ‘ಇದಿನ್ನೂ ಯಾಕ್ರಿ?’ ಅಂದೆ. ‘ರಾತ್ರಿ ನೆಟ್‌ವರ್ಕ್ ಹೋದ್ರ ಗಾಡಿ ನಿಲ್ಲಸ್ಲೇನ್ರಿ?’ ಅಂದರು. ನಾನು ಕಾರಿನಿಂದ ನಕ್ಷೆ ತರಿಸಿ, ಕಾಟಾದ ಡಬ್ಬಿಯ ಪಕ್ಕ ಇನ್ನೊಂದು ಸಣ್ಣ ಡಬ್ಬಿ ಬಿಡಿಸಿದೆ. ಒಳಗೆ ‘ನೋಟ್‌ಬುಕ್’ ಅಂತ ಬರೆದೆ. ಯಾರು ಎಂಬ ಜಾಗದಲ್ಲಿ ಅವರೇ ತಮ್ಮ ಹೆಸರು ಬರೆದರು.